ರಾಜೀನಾಮೆ ಒಬ್ಬರದು, ಸರದಿ ಮತದಾರರದು: ಚಿಕ್ಕಮಗಳೂರು ಕಂಡ ಉಪಚುನಾವಣೆಗಳು

2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಕ್ಷೇತ್ರಗಳ ಜನ ಸುಮಾರು ಒಂದೂವರೆ ವರ್ಷದಲ್ಲಿ ಮೂರನೇ ಸಲ ಮತಗಟ್ಟೆಗೆ ಹೋದರು. ಮೂರೂ ಕಡೆ ಶಾಸಕರು ಲೋಕಸಭೆಗೆ ಗೆದ್ದು ವಿಧಾನಸಭಾ ಸ್ಥಾನ ಬಿಟ್ಟಿದ್ದರು. ಸಾವಿನಿಂದ ತೆರವಾದ ಸ್ಥಾನಕ್ಕೆ ಚುನಾವಣೆ ಬಂದರೆ ಯಾರೂ ತಕರಾರು ಮಾಡುವುದಿಲ್ಲ. ರಾಜೀನಾಮೆಯಿಂದ ಬರುವ ಚುನಾವಣೆಯ ಲೆಕ್ಕವೇ ಬೇರೆ, ಮತ್ತು ಆ ಲೆಕ್ಕ ಚಿಕ್ಕಮಗಳೂರಿನವರಿಗೆ ಚೆನ್ನಾಗಿ ಗೊತ್ತು.

1977ರಲ್ಲಿ ದೇಶದ ಉತ್ತರ ಭಾಗದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಅದರ ಕೈಗೇ ಕೊಟ್ಟಿತ್ತು. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತಿದ್ದ ಇಂದಿರಾ ಗಾಂಧಿಯವರಿಗೆ ಸಂಸತ್ತಿಗೆ ಮರಳಲು ಭದ್ರವಾದ ಕ್ಷೇತ್ರ ಬೇಕಿತ್ತು. 1978ರ ಜನವರಿಯಲ್ಲಿ ಪಕ್ಷ ಒಡೆದಿತ್ತು. ಮರುತಿಂಗಳೇ ದೇವರಾಜ ಅರಸು ರಾಜ್ಯದಲ್ಲಿ ಇಂದಿರಾ ಬಣವನ್ನು ಗೆಲ್ಲಿಸಿ ತೋರಿಸಿದ್ದರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರಾದ ಡಿ.ಬಿ. ಚಂದ್ರೇಗೌಡರು 1971 ಮತ್ತು 1977ರಲ್ಲಿ ಎರಡು ಸಲ ಗೆದ್ದಿದ್ದ ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ಇಂದಿರಾ ಅವರಿಗಾಗಿ ಬಿಟ್ಟುಕೊಟ್ಟರು.

ಉಪಚುನಾವಣೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ನವೆಂಬರ್ ಎಂದರೆ ಮಲೆನಾಡಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಹೊತ್ತು. ಹಣ್ಣು ಗಿಡದಲ್ಲೇ ಬಿದ್ದುಹೋಗಬಾರದೆಂದು ಮಾಲೀಕರು ಆಳುಗಳಿಗಾಗಿ ಪರದಾಡುವ ಆ ದಿನಗಳಲ್ಲಿ ದೇಶ ವಿದೇಶದ ಪತ್ರಕರ್ತರು ಜಿಲ್ಲೆಗೆ ಬಂದಿಳಿದರು. ಎದುರಾಳಿ ಜನತಾ ಪಕ್ಷದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಅವರ ಪರ ಓಡಾಡಿದವರಲ್ಲಿ ಜಾರ್ಜ್ ಫರ್ನಾಂಡಿಸ್ ಮುಂಚೂಣಿಯಲ್ಲಿದ್ದರು. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಭಾಯ್ ಚಿಕ್ಕಮಗಳೂರ್’ (ಒಂದು ಸಿಂಹಿಣಿ, ನೂರು ಮುಸುವ) ಎಂಬ ಹಿಂದಿ ಘೋಷಣೆ ಆಗ ಹುಟ್ಟಿದ್ದು. ನಮ್ಮ ಊರಿನ ಹೆಸರಿತ್ತು, ನಮ್ಮ ಭಾಷೆ ಇರಲಿಲ್ಲ. ತುರ್ತು ಪರಿಸ್ಥಿತಿ ಸರಿಯೇ ತಪ್ಪೇ ಎಂಬ ದೇಶದ ಜಗಳಕ್ಕೆ ಜಿಲ್ಲೆ ಕಣವಾಯಿತು. ಕಾಫಿ ತೋಟದ ಲೈನ್ ಮನೆಗಳ ಕಾರ್ಮಿಕರ ಕೂಲಿ, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ಹಳ್ಳಿಗಳ ರಸ್ತೆಯಂಥ ಪ್ರಶ್ನೆಗಳು ಬದಿಗೆ ಸರಿದವು. ಆದರೂ ಜನ ಉದಾಸೀನ ಮಾಡಲಿಲ್ಲ. 77,333 ಮತಗಳ ಅಂತರದಿಂದ ಇಂದಿರಾ ಅವರನ್ನು ಗೆಲ್ಲಿಸಿದರು.

ಆ ತೀರ್ಪು ಎರಡು ತಿಂಗಳೂ ಉಳಿಯಲಿಲ್ಲ. ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಬಗ್ಗೆ ಸಂಸತ್ತಿಗಾಗಿ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿದ್ದರೆಂಬ ಹಕ್ಕುಚ್ಯುತಿ ಪ್ರಕರಣದಲ್ಲಿ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೂ ಕಳಿಸಿತು. ಅಲ್ಲಿಗೆ ಚಿಕ್ಕಮಗಳೂರಿಗೆ ಮತ್ತೆ ಸಂಸದರಿಲ್ಲ. 1980ರಲ್ಲಿ ಅವರು ಮೆದಕ್ ಮತ್ತು ರಾಯ್‌ಬರೇಲಿಗಳಿಂದ ಸ್ಪರ್ಧಿಸಿ ಎರಡನ್ನೂ ಗೆದ್ದು, ರಾಯ್‌ಬರೇಲಿಯನ್ನು ಬಿಟ್ಟರು, ಅಲ್ಲೂ ಉಪಚುನಾವಣೆ. ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಹೊಸ ಲೋಕಸಭೆ ರದ್ದುಪಡಿಸಿತು. ವೀರೇಂದ್ರ ಪಾಟೀಲರು ಇಂದಿರಾ ಅವರ ಪಕ್ಷಕ್ಕೇ ಮರಳಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಚಂದ್ರೇಗೌಡರು ವಿಧಾನಸಭಾಧ್ಯಕ್ಷರಾದರು. ನಾಯಕರೆಲ್ಲರಿಗೂ ಮುಂದಿನ ದಾರಿ ಸಿಕ್ಕಿತು. ಎರಡು ವರ್ಷದೊಳಗೆ ಎರಡು ಸಲ ಪ್ರತಿನಿಧಿಯನ್ನು ಆರಿಸಿ, ಎರಡು ಸಲ ಕಳೆದುಕೊಂಡ ಕ್ಷೇತ್ರಕ್ಕೆ ಏನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ.

ಕಾನೂನು ಆಮೇಲೆ ಬಿಗಿಯಾಯಿತು, ನಿಜ. 1985ರಲ್ಲಿ ಪಕ್ಷಾಂತರ ನಿಷೇಧ ಬಂತು. 1996ರಲ್ಲಿ ತೆರವಾದ ಸ್ಥಾನವನ್ನು ಆರು ತಿಂಗಳಲ್ಲಿ ತುಂಬಬೇಕೆಂಬ ನಿಯಮ, ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲಬಾರದೆಂಬ ಮಿತಿ ಬಂದವು. ಇವು ಯಾವುವೂ ಅವಧಿಯ ನಡುವೆ ಎದ್ದುಹೋಗುವುದನ್ನು ತಡೆಯುವುದಿಲ್ಲ.

2011ರಲ್ಲಿ ಅದು ಮತ್ತೆ ಕಂಡಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬಿರುಗಾಳಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಉಡುಪಿ-ಚಿಕ್ಕಮಗಳೂರು ಸಂಸದರಾಗಿದ್ದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾದರು, ವಿಧಾನ ಪರಿಷತ್ತಿಗೆ ಆಯ್ಕೆಯಾಗಿ ಲೋಕಸಭಾ ಸ್ಥಾನ ಬಿಟ್ಟರು. ಬೆಂಗಳೂರಿನ ಒಂದು ಬಿಕ್ಕಟ್ಟಿಗೆ ಕೊಪ್ಪ, ಶೃಂಗೇರಿ, ತರೀಕೆರೆಯ ಜನ 2012ರ ಮಾರ್ಚ್ 18ರಂದು ಸರದಿಯಲ್ಲಿ ನಿಲ್ಲಬೇಕಾಯಿತು. ನೀತಿಸಂಹಿತೆ ಜಾರಿಯಾದರೆ ಹೊಸ ಕಾಮಗಾರಿ ಆರಂಭಿಸುವಂತಿಲ್ಲ. ಮಳೆ ಹಿಡಿಯುವ ಮುನ್ನ ರಸ್ತೆ ಕೆಲಸ ಮುಗಿಯಲೇಬೇಕಾದ ಮಲೆನಾಡಿನಲ್ಲಿ ಬೇಸಿಗೆಯ ಒಂದು ತಿಂಗಳು ಕೈತಪ್ಪಿದರೆ ಅದರ ಬೆಲೆ ಇಲ್ಲಿನವರಿಗೇ ಗೊತ್ತು. ಆಡಳಿತ ಪಕ್ಷದ ವಿ. ಸುನಿಲ್ ಕುಮಾರ್ ಅವರನ್ನು ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ 45,724 ಮತಗಳಿಂದ ಸೋಲಿಸಿದರು. ಮುಖ್ಯಮಂತ್ರಿ ತೆರವು ಮಾಡಿದ ಸ್ಥಾನವನ್ನೇ ಅವರ ಪಕ್ಷ ಕಳೆದುಕೊಂಡಿದ್ದು ಮತದಾರರು ಕೊಟ್ಟ ಸ್ಪಷ್ಟ ಉತ್ತರವೆಂದೇ ನಾನು ಓದುತ್ತೇನೆ. ಜುಲೈ ಹೊತ್ತಿಗೆ ಮುಖ್ಯಮಂತ್ರಿಯೂ ಬದಲಾದರು.

ಇದರ ಆಚೀಚೆ 2008 ಮತ್ತು 2019ರ ಸರಣಿ ರಾಜೀನಾಮೆಗಳಿವೆ. 2019ರಲ್ಲಿ 17 ಶಾಸಕರು ಅನರ್ಹಗೊಂಡರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಸ್ಪರ್ಧೆಗೆ ಮಾತ್ರ ಅವಕಾಶ ಕೊಟ್ಟಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಮತದಾನ ನಡೆದು ಅವರಲ್ಲಿ ಹೆಚ್ಚಿನವರು ಗೆದ್ದು ಬಂದರು.

ಎರಡು ಕಡೆ ಗೆದ್ದು ಒಂದನ್ನು ಬಿಡುವವರಿಂದ ಉಪಚುನಾವಣೆಯ ವೆಚ್ಚಕ್ಕೆ ಹಣ ಕಟ್ಟಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ 2004ರಲ್ಲೇ ಹೇಳಿತ್ತು: ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿ. ಒಬ್ಬರಿಗೆ ಒಂದೇ ಕ್ಷೇತ್ರ ಸಾಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು. 2023ರಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯವೆಂದು ಅರ್ಜಿಯನ್ನು ವಜಾ ಮಾಡಿತು. ತೀರ್ಮಾನಿಸಬೇಕಾದವರು ಸ್ಥಾನ ಬಿಡುವ ಸ್ವಾತಂತ್ರ್ಯ ಇರುವವರೇ. ಗೆದ್ದ ಕ್ಷೇತ್ರವನ್ನು ಬೇರೆ ಹುದ್ದೆಗಾಗಿ ನಡುವೆಯೇ ಬಿಡುವವರ ವಿಚಾರಕ್ಕೆ ಈ ಎರಡೂ ಶಿಫಾರಸುಗಳು ಕೈಹಾಕಿಲ್ಲ.