ಕಿರ್ದಿ ನೋಡದೆ ಕಳ್ಳ ಸಿಗುವುದಿಲ್ಲ

ಕಲಬುರಗಿಯ ಗಂಜ್‌ನಲ್ಲಿ ನನ್ನ ಸೋದರಮಾವ ಮೂವತ್ತು ವರ್ಷ ಮುನೀಮರಾಗಿದ್ದರು. ತೊಗರಿ ಹಂಗಾಮಿನಲ್ಲಿ ಅಡತ್ ಅಂಗಡಿಗೆ ಬಂದ ಪ್ರತಿ ಚೀಲವೂ ಮೊದಲು ಅವರ ಕಿರ್ದಿಯಲ್ಲಿ ಇಳಿಯಬೇಕು, ಆಮೇಲೆ ಖಾತೆಗೆ. ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದರೆ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಿರ್ದಿ ಬಿಚ್ಚಿ ಕೂರುತ್ತಿದ್ದರು. ಅದೇ ಊರಿನ ಕೆಲವು ದಾಲ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವ ನಾನು ಈಗ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಕಳೆದ ಹಂಗಾಮಿನಲ್ಲಿ ಒಂದು ಮಿಲ್‌ನ ಲೆಕ್ಕದ ಕಂಪ್ಯೂಟರ್‌ನಲ್ಲಿ ರಾತ್ರಿ 2 ಗಂಟೆ 20 ನಿಮಿಷಕ್ಕೆ, ವಿಂಡೋಸ್‌ಗೆ ಆಜ್ಞೆ ಬರೆದು ಕೆಲಸ ಮಾಡಿಸುವ ಸಾಧನವಾದ ಪವರ್‌ಶೆಲ್ ಎದ್ದು ಕುಳಿತಿತ್ತು. ಅದಕ್ಕೆ ಕೊಟ್ಟ ಆಜ್ಞೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸರಪಳಿ. ಆ ಹೊತ್ತಿನಲ್ಲಿ ಕಚೇರಿಗೆ ಬೀಗ ಬಿದ್ದಿತ್ತು.

ಪವರ್‌ಶೆಲ್ ವೈರಸ್ ಅಲ್ಲ. 2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಸಾಧನದ ಹಿಂದಿನ ಮುಖ್ಯ ಶಿಲ್ಪಿ ಜೆಫ್ರಿ ಸ್ನೋವರ್. ಮೌಸ್ ಹಿಡಿದು ಒಂದೊಂದೇ ಕಂಪ್ಯೂಟರಿನ ಮುಂದೆ ಕೂರುವ ಬದಲು ನಾಲ್ಕು ಸಾಲು ಆಜ್ಞೆ ಬರೆದರೆ ಸಾಕು. ಹೈದರಾಬಾದಿನಲ್ಲಿ ಕುಳಿತವನು ಕಲಬುರಗಿಯ ಇಪ್ಪತ್ತು ಯಂತ್ರಗಳಿಗೆ ಒಂದೇ ಸಲ ಪ್ರಿಂಟರ್ ಜೋಡಿಸಬಹುದು. ತೊಂದರೆ ಹುಟ್ಟುವುದೂ ಈ ಅನುಕೂಲದಿಂದಲೇ. ವಿಂಡೋಸ್ ಇರುವ ಕಡೆಯೆಲ್ಲ ಅದು ಮೊದಲೇ ಇರುತ್ತದೆ, ಅದರ ಮೇಲೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿಯೂ ಇರುತ್ತದೆ. ಒಳನುಗ್ಗಿದವನು ತನ್ನ ಆಯುಧ ತರಬೇಕಿಲ್ಲ, ಮನೆಯ ಕುಡುಗೋಲೇ ಸಾಕು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಹಾನಿಕಾರಕ ಪ್ರೋಗ್ರಾಮ್ ಹಬ್ಬಿದಾಗ ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಲು ಅದು ಬಳಸಿದ ದಾರಿಗಳಲ್ಲಿ ಪಿಎಸ್‌ಎಕ್ಸೆಕ್ ಮತ್ತು ಡಬ್ಲ್ಯುಎಂಐ ಎಂಬ ಕಂಪ್ಯೂಟರ್ ನಿರ್ವಾಹಕರ ಸಾಧನಗಳೂ ಇದ್ದವು. ಅದರ ಬಿಸಿ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ವರೆಗೂ ತಟ್ಟಿತು.

ಹಾಗಾಗಿ ಸಾಧನವನ್ನು ಹಿಡಿದು ಪ್ರಯೋಜನವಿಲ್ಲ, ನಡತೆಯನ್ನು ಹಿಡಿಯಬೇಕು. ನಾನು ಮೊದಲು ಕೇಳುವ ಪ್ರಶ್ನೆ: ಪವರ್‌ಶೆಲ್ಲನ್ನು ಎಬ್ಬಿಸಿದವರು ಯಾರು? ಕಂಪ್ಯೂಟರ್‌ನಲ್ಲಿ ಪ್ರತಿ ಪ್ರೋಗ್ರಾಮಿಗೂ ಅದನ್ನು ಚಾಲೂ ಮಾಡಿದ ಇನ್ನೊಂದು ಪ್ರೋಗ್ರಾಮ್ ಇರುತ್ತದೆ. ಯಂತ್ರದಲ್ಲಿ ನಡೆದದ್ದಕ್ಕೆ ವಿಂಡೋಸ್ ಕೂಡ ಒಂದು ಕಿರ್ದಿ ಇಡುತ್ತದೆ; ಅದರ 4688 ಎಂಬ ಸಂಖ್ಯೆಯ ದಾಖಲೆಯಲ್ಲಿ ಈ ತಾಯಿ–ಮಗುವಿನ ಸಂಬಂಧ ಸಿಗುತ್ತದೆ. ನಿಗದಿತ ವೇಳೆಯ ಕೆಲಸಗಳನ್ನು ನಡೆಸುವ ಸೇವೆ ಅದನ್ನು ಎಬ್ಬಿಸಿದ್ದರೆ ಸಹಜ ಇರಬಹುದು. ವರ್ಡ್ ಅಥವಾ ಎಕ್ಸೆಲ್ ಎಬ್ಬಿಸಿದ್ದರೆ ನಾನು ಚಹಾ ಅರ್ಧಕ್ಕೆ ಬಿಟ್ಟು ಏಳುತ್ತೇನೆ. ಕೊಟೇಶನ್ ತೆರೆದು ಓದಿದ ಮಾತ್ರಕ್ಕೆ ಆಜ್ಞೆಗಳ ಕಿಟಕಿ ಹುಟ್ಟಬಾರದು. ದೂರದಿಂದ ಬಂದವರು ಬೇರೆ ಗುರುತು ಬಿಡುತ್ತಾರೆ: ಪವರ್‌ಶೆಲ್‌ನ ದೂರಸಂಪರ್ಕ ಸಾಮಾನ್ಯವಾಗಿ 5985 ಅಥವಾ 5986ನೇ ಪೋರ್ಟ್ ಎಂಬ ಜಾಲದ ಬಾಗಿಲಿನಿಂದ ಬರುತ್ತದೆ. ನಿರ್ವಾಹಕನ ಯಂತ್ರದಿಂದ ಬಂದರೆ ಸರಿ. ತೂಕದ ಕಾಟಾದ ಕಂಪ್ಯೂಟರ್ ಲೆಕ್ಕದ ಕಂಪ್ಯೂಟರಿನ ಬಾಗಿಲು ಬಡಿದರೆ ಅದಕ್ಕೆ ಅಲ್ಲೇನು ಕೆಲಸ?

ಇನ್ನು ಆ ಅರ್ಥವಿಲ್ಲದ ಅಕ್ಷರಗಳು. ಅದು ಗೂಢಲಿಪಿಯಲ್ಲ, ಮಾಹಿತಿಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಬರೆಯುವ ಬೇಸ್64 ಎಂಬ ವೇಷ ಅಷ್ಟೇ. ಪವರ್‌ಶೆಲ್ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಎರಡು ಬೈಟ್ ಬಳಸುತ್ತದೆ, ಅದರಲ್ಲಿ ಎರಡನೆಯದು ಸೊನ್ನೆ. ಆ ಸೊನ್ನೆಗಳಿಂದಾಗಿ ವೇಷ ಹಾಕಿದ ಸಾಲಿನಲ್ಲಿ ಇಂಗ್ಲಿಷ್‌ನ ‘ಎ’ (A) ಅಕ್ಷರ ಮತ್ತೆ ಮತ್ತೆ ತಲೆಹಾಕುತ್ತದೆ. ಡಾಲರ್ ಚಿಹ್ನೆ, ಅದರ ಹಿಂದೆಯೇ ಒಂದು ಅಕ್ಷರ ಹೀಗೆ ಶುರುವಾಗುವ ಆಜ್ಞೆಯಾದರೆ ಅದರ ವೇಷದ ಮೊದಲ ಮೂರು ಅಕ್ಷರ ಯಾವಾಗಲೂ ‘ಜೆ’, ‘ಎ’, ‘ಬಿ’. ಅಭ್ಯಾಸವಾದ ಕಣ್ಣಿಗೆ ಇದು ಬೇಳೆಯಲ್ಲಿನ ಕಲ್ಲಿನಂತೆ ಹೊಳೆಯುತ್ತದೆ. ವೇಷ ಎಷ್ಟೇ ದಪ್ಪವಿದ್ದರೂ ಓಡುವ ಮುನ್ನ ಕಳಚಲೇಬೇಕು. ಕಳಚಿದ ಮೇಲಿನ ರೂಪವನ್ನೇ 4104ನೇ ದಾಖಲೆ ಬರೆದಿಡುತ್ತದೆ. ಇದು ಗೊತ್ತಿರುವ ಚಾಲಾಕಿಗಳು ಈ ದಾಖಲೆಯನ್ನೇ ಬರೆಯದ ಹಳೆಯ ಎರಡನೇ ಆವೃತ್ತಿಯನ್ನು ಕರೆಯಲು ನೋಡುತ್ತಾರೆ, ಆದ್ದರಿಂದ ಅದು ಯಂತ್ರದಲ್ಲಿ ಇನ್ನೂ ಇದ್ದರೆ ತೆಗೆದುಹಾಕುವುದು ಲೇಸು.

ಬೇಸರದ ಸಂಗತಿ ಎಂದರೆ ಈ ಕಿರ್ದಿ ತಾನಾಗಿ ಪೂರ್ತಿ ಬರೆಯುವುದಿಲ್ಲ, ಆಯ್ಕೆ ಒತ್ತಿ ಬರೆಸಬೇಕು. ಭದ್ರತಾ ದಾಖಲೆಗೆ ವಿಂಡೋಸ್ ಮೊದಲಿಗೆ ಕೊಡುವ ಜಾಗವೂ 20 ಎಂಬಿ ಮಾತ್ರ. ತುಂಬಿದರೆ ಹಳೆಯ ಸಾಲಿನ ಮೇಲೆ ಹೊಸ ಸಾಲು. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ದಾಖಲೆಗಳನ್ನು 180 ದಿನ ಇಡಬೇಕೆಂದಿದೆ. ಗಡಿಯಾರಗಳನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಬೇಕೆಂದೂ ಹೇಳಿದೆ. ಎರಡನೆಯದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಮಿಲ್‌ನ ರೌಟರಿನಲ್ಲಿ 2 ಗಂಟೆ 20 ನಿಮಿಷಕ್ಕೆ ಯಾವ ಸಂಪರ್ಕವೂ ಕಾಣಲಿಲ್ಲ, ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಸಮಯ ಹೊಂದಿಸುವ ಸೇವೆಯನ್ನು ಯಾರೋ ನಿಲ್ಲಿಸಿದ್ದರು, ಕಂಪ್ಯೂಟರಿನ ಗಡಿಯಾರ ಒಂದು ಗಂಟೆ ಹತ್ತು ನಿಮಿಷ ಹಿಂದಿತ್ತು. ಮೂರೂವರೆಯ ಸಾಲು ಹುಡುಕಿದೆ, ಸಿಕ್ಕಿತು.

ವೇಷ ಕಳಚಿದಾಗ ಕಂಡದ್ದು ಲೆಕ್ಕದ ಕಡತಗಳ ನಕಲು ತೆಗೆದಿಡುವ ಸಾಧಾರಣ ಆಜ್ಞೆ. ಉದ್ಧರಣ ಚಿಹ್ನೆಗಳ ರಗಳೆ ತಪ್ಪಿಸಲು ಹೀಗೆ ಬೇಸ್64 ಬಳಸುವ ಪ್ರಾಮಾಣಿಕರೂ ಇದ್ದಾರೆ. ಸಮಾಧಾನವಾಯಿತು. ಸಂಜೆ ಮಾವನ ಮುಂದೆ ಕಥೆ ಬಿಚ್ಚಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು: “ಸಾಲು ಸರಿಯಿದೆ ಅನ್ನು. ಬರೆದವನು ಯಾರು, ಈಗ ಎಲ್ಲಿದ್ದಾನೆ?”

ಮರುದಿನ ನೋಡಿದೆ. ಆಜ್ಞೆ ಓಡುತ್ತಿದ್ದದ್ದು ದೀಪಾವಳಿಗೇ ಕೆಲಸ ಬಿಟ್ಟ ಹುಡುಗನ ನಿರ್ವಾಹಕ ಖಾತೆಯಲ್ಲಿ. ಗುಪ್ತಪದ ಆಜ್ಞೆಯೊಳಗೇ ತೆರೆದು ಬಿದ್ದಿತ್ತು, ಮಿಲ್‌ನ ಹನ್ನೊಂದು ಕಂಪ್ಯೂಟರ್‌ಗಳಿಗೂ ಅದೊಂದೇ. ಮಧ್ಯಾಹ್ನದೊಳಗೆ ಹನ್ನೊಂದನ್ನೂ ಬದಲಿಸಿದೆ, ಪವರ್‌ಶೆಲ್‌ನಿಂದಲೇ, ಕುಳಿತಲ್ಲಿಂದಲೇ.