ಪದ ಪರಿಚಯ: ಅಯಾನಿಕ ಬಂಧ

ಪುಡಿ ಉಪ್ಪಿನ ನಾಲ್ಕು ಕಾಳನ್ನು ಕಪ್ಪು ಬಟ್ಟೆಯ ಮೇಲೆ ಉದುರಿಸಿ, ಭೂತಗನ್ನಡಿ ಹಿಡಿದು ನೋಡಿ. ಪುಟ್ಟ ಪುಟ್ಟ ದಾಳಗಳ ಹಾಗೆ ಕಾಣುತ್ತವೆ. ನೇರ ಅಂಚು, ಚೌಕ ಮುಖ. ಯಾರೂ ಕೆತ್ತಿದ್ದಲ್ಲ. ಈ ಆಕಾರದ ಬೇರು ಇರುವುದು ಅಯಾನಿಕ ಬಂಧದಲ್ಲಿ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳು, ಜೊತೆಗೆ ನ್ಯೂಟ್ರಾನ್‌ಗಳು. ಸುತ್ತಲಿನ ಕವಚಗಳಲ್ಲಿ ಋಣ ವಿದ್ಯುದಂಶದ ಎಲೆಕ್ಟ್ರಾನ್‌ಗಳು. ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರಿನ್ ಸೇರಿದ ವಸ್ತು. ಸೋಡಿಯಂನ 11 ಎಲೆಕ್ಟ್ರಾನ್‌ಗಳು ಒಳಗಿನ ಕವಚದಿಂದ ಹೊರಕ್ಕೆ 2, 8, 1 ಎಂದು ಕೂತಿವೆ. ಕ್ಲೋರಿನ್‌ನ 17 ಎಲೆಕ್ಟ್ರಾನ್‌ಗಳು 2, 8, 7 ಎಂದು. ಸೋಡಿಯಂನ ಹೊರಗಿನ ಆ ಒಂದು ಎಲೆಕ್ಟ್ರಾನ್ ಕ್ಲೋರಿನ್‌ಗೆ ಹೋದರೆ ಎರಡರ ಹೊರ ಕವಚದಲ್ಲೂ 8 ಆಗುತ್ತದೆ. ಈಗ ಸೋಡಿಯಂನಲ್ಲಿ ಎಲೆಕ್ಟ್ರಾನ್‌ಗಳಿಗಿಂತ ಒಂದು ಪ್ರೋಟಾನ್ ಜಾಸ್ತಿ, ಕ್ಲೋರಿನ್‌ನಲ್ಲಿ ಪ್ರೋಟಾನ್‌ಗಳಿಗಿಂತ ಒಂದು ಎಲೆಕ್ಟ್ರಾನ್ ಜಾಸ್ತಿ. ಹೀಗೆ ವಿದ್ಯುದಂಶ ಹೊತ್ತ ಕಣವೇ ಅಯಾನು. ಗ್ರೀಕ್‌ನಲ್ಲಿ ಈ ಪದಕ್ಕೆ 'ಹೋಗುವಂಥದ್ದು' ಎಂಬ ಅರ್ಥ. ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಒಂದೊಂದು ತುದಿಯ ಕಡೆಗೆ ಹೋಗುವ ಕಣಗಳಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆ 1834ರಲ್ಲಿ ಈ ಹೆಸರು ಬಳಸಿದರು.

'ಸೋಡಿಯಂ ಕೊಟ್ಟಿತು, ಕ್ಲೋರಿನ್ ತೆಗೆದುಕೊಂಡಿತು, ಅದೇ ಬಂಧ' ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ ಅಲ್ವಾ? ಆದರೆ ಕೊಟ್ಟು ತೆಗೆದುಕೊಂಡಿದ್ದು ಬಂಧವಲ್ಲ. ಅದರಿಂದ ಹುಟ್ಟಿದ ಧನ ಮತ್ತು ಋಣ ಅಯಾನುಗಳ ನಡುವಿನ ಸೆಳೆತ ಬಂಧ. ಲೆಕ್ಕ ಹಾಕಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಆವಿಯಾಗಿರುವ ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ದೊಡ್ಡ ಅಳತೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೌಲ್ ಶಕ್ತಿ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಸೇರಿಸಿಕೊಂಡಾಗ ವಾಪಸ್ ಸಿಗುವುದು ಸುಮಾರು 349. ಅಷ್ಟಕ್ಕೇ ನಿಂತರೆ ನಷ್ಟದ ವ್ಯಾಪಾರ! ಅಯಾನುಗಳು ಒಟ್ಟುಗೂಡಿ ಹರಳಾಗುವಾಗ ಸುಮಾರು 787 ಕಿಲೋಜೌಲ್ ಹೊರಬರುತ್ತದೆ. ಉಪ್ಪನ್ನು ಹುಟ್ಟಿಸುವುದು ಈ ಲಾಭ.

ಆ ಹರಳಿನಲ್ಲಿ ಜೋಡಿಗಳೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ (ಕ್ಲೋರಿನ್‌ನ ಅಯಾನು), ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಕಾಳು ದಾಳದ ಹಾಗೆ ಕಾಣುವುದು ಈ ಜೋಡಣೆಯಿಂದಲೇ. ಇದು ಇವನದು, ಅದು ಅವನದು ಅನ್ನುವ ಹಾಗಿಲ್ಲ. ಹಾಗಾಗಿ ಗಟ್ಟಿ ಉಪ್ಪಿನಲ್ಲಿ 'ಉಪ್ಪಿನ ಅಣು' ಎಂಬುದೇ ಇಲ್ಲ. NaCl ಎಂಬ ಸೂತ್ರ ಹೇಳುವುದು ಒಂದಕ್ಕೆ ಒಂದು ಎಂಬ ಪ್ರಮಾಣವನ್ನು ಮಾತ್ರ. 1913ರಲ್ಲಿ ವಿಜ್ಞಾನಿಗಳಾದ ಬ್ರಾಗ್ ತಂದೆ-ಮಗ ಎಕ್ಸ್-ಕಿರಣ ಹಾಯಿಸಿ ಈ ಜೋಡಣೆಯನ್ನು ಕಂಡುಕೊಂಡರು. 1927ರಲ್ಲೂ ಹಿರಿಯ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್, ಚದುರಂಗದ ಮಣೆಯಂಥ ಈ ಚಿತ್ರವನ್ನು ಒಪ್ಪದೆ 'ನೇಚರ್' ವಿಜ್ಞಾನ ಪತ್ರಿಕೆಗೆ ಪತ್ರ ಬರೆದರು. ಅಣು ಇಲ್ಲದ ವಸ್ತುವನ್ನು ಒಪ್ಪುವುದು ಅಷ್ಟು ಕಷ್ಟವಾಗಿತ್ತು.

ಸೆಳೆತ ಆರೂ ಕಡೆಯಿಂದ ಇರುವುದರಿಂದಲೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಒಗ್ಗರಣೆ ಬಾಣಲೆಯಲ್ಲಿ ಅದು ಆಗದ ಮಾತು. ಆದರೆ ಕಲ್ಲುಪ್ಪನ್ನು ಕುಟ್ಟಾಣಿಗೆ ಹಾಕಿ ಒಂದೇಟು ಕೊಡಿ. ತಾಮ್ರದ ತಂತಿಯ ಹಾಗೆ ಬಗ್ಗುವುದಿಲ್ಲ, ಪಟ್ಟನೆ ಸೀಳುತ್ತದೆ. ಏಟಿಗೆ ಒಂದು ಪದರ ಒಂದೇ ಒಂದು ಮನೆ ಜರುಗಿದರೂ ಸಾಕು, ಧನದೆದುರು ಧನ, ಋಣದೆದುರು ಋಣ ಬಂದು ನಿಲ್ಲುತ್ತದೆ. ಅಷ್ಟು ಹೊತ್ತು ಸೆಳೆಯುತ್ತಿದ್ದವು ಈಗ ಒಂದನ್ನೊಂದು ತಳ್ಳುತ್ತವೆ. ಒಡೆದ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಸೀಳಿದ ಮುಖವೂ ಸಪಾಟಾಗಿ ಹೊಳೆಯುತ್ತಿರುತ್ತದೆ.