ನೆರೆ ಬಂದಾಗ ನಾಯಿ, ಬೆಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಬಹುದೇ?

ಪ್ರಶ್ನೆ: ನಮ್ಮೂರು ಕೃಷ್ಣಾ ತೀರದಲ್ಲಿದೆ. ನೀರು ಏರಿದರೆ ಮನೆ ಖಾಲಿ ಮಾಡಿ ಎನ್ನುತ್ತಾರೆ. ಒಂದೆರಡು ದಿನದ ಮಟ್ಟಿಗೆ ನಾಯಿಯನ್ನು ಕಟ್ಟಿಹಾಕಿ, ಬೆಕ್ಕನ್ನು ಒಳಗೆ ಬಿಟ್ಟು ಬಾಗಿಲು ಹಾಕಿದರೆ ಸಾಲದೇ?

ಉತ್ತರ: ಸಾಲದು. ಕೃಷ್ಣೆಯ ನೆರೆಗೆ ನಿಮ್ಮೂರಲ್ಲಿ ಮಳೆ ಬೀಳಲೇಬೇಕೆಂದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು, ಕೊಯ್ನಾ ಅಣೆಕಟ್ಟಿನಿಂದ ಬಿಟ್ಟದ್ದು ಇಲ್ಲಿಗೆ ಬರುತ್ತದೆ. ನಿಮ್ಮಲ್ಲಿ ಬಿಸಿಲು ಬಿದ್ದ ದಿನವೂ ನೀರು ಏರಬಹುದು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದವರು ದಿನಗಟ್ಟಲೆ ಮನೆಗೆ ಮರಳಲಾಗಲಿಲ್ಲ. ಕಟ್ಟಿದ ನಾಯಿಗೆ ಎಷ್ಟೇ ಈಜು ಬಂದರೂ ಹಗ್ಗದ ಉದ್ದದಷ್ಟೇ ಮೇಲೇಳಲು ಸಾಧ್ಯ.

ಮೊದಲು ಹಿಡಿಯಬೇಕಾದದ್ದು ಬೆಕ್ಕನ್ನು. ಗದ್ದಲ ಕೇಳಿದರೆ ಅದು ಅಟ್ಟಕ್ಕೋ ಮಂಚದಡಿಗೋ ಸೇರಿಬಿಡುತ್ತದೆ. ದೋಣಿ ಬಂದಮೇಲೆ ಹುಡುಕುವುದಕ್ಕೆ ಯಾರೂ ಕಾಯುವುದಿಲ್ಲ. ಹಾಗಾಗಿ ಎಚ್ಚರಿಕೆ ಬಂದ ಕೂಡಲೇ ಬಚ್ಚಲುಮನೆಯಲ್ಲಿ ಕೂಡಿಹಾಕಿ, ಉಳಿದ ಸಾಮಾನು ಆಮೇಲೆ ಕಟ್ಟಿಕೊಳ್ಳಿ. ಬುಟ್ಟಿ ಇಲ್ಲದಿದ್ದರೆ ತರಕಾರಿಯ ಎರಡು ಪ್ಲಾಸ್ಟಿಕ್ ಕ್ರೇಟ್ ಸಾಕು: ಒಂದರ ಮೇಲೆ ಇನ್ನೊಂದನ್ನು ಬೋರಲಾಗಿಟ್ಟು ನಾಲ್ಕೂ ಬದಿ ಹಗ್ಗ ಬಿಗಿಯಿರಿ. ಗಾಳಿ ಆಡುತ್ತದೆ, ಪರಚಿದರೂ ಒಡೆಯುವುದಿಲ್ಲ. ಒಳಗೆ ಹಳೆಯ ಪಂಚೆ ಹಾಸಿ. ಗೋಣಿಚೀಲ ಬೇಡ, ನೆನೆದರೆ ಉಸಿರುಕಟ್ಟುತ್ತದೆ.

ನಾಯಿಯ ವಿಷಯದಲ್ಲಿ ಎಡವುವುದು ಕುತ್ತಿಗೆಪಟ್ಟಿಯಲ್ಲಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ಕಳಚಿಕೊಂಡು ಓಡುತ್ತದೆ. ಎದೆಗೆ ಸುತ್ತುವ ಹಾರ್ನೆಸ್ ಕಟ್ಟಿ, ಎರಡು ಬೆರಳು ತೂರುವಷ್ಟು ಸಡಿಲ ಬಿಡಿ, ಅಳಿಸದ ಮಾರ್ಕರ್‌ನಲ್ಲಿ ಮೊಬೈಲ್ ನಂಬರ್ ಬರೆಯಿರಿ. ದೋಣಿಯಲ್ಲಿ ಮೊದಲು ನೀವು ತಳದಲ್ಲಿ ಕುಳಿತು, ಆಮೇಲೆ ಅದನ್ನು ಎಳೆದುಕೊಳ್ಳಿ. ನಿಂತವರ ನಡುವೆ ನಾಯಿ ಹಾರಿದರೆ ದೋಣಿ ವಾಲುತ್ತದೆ. ಕಚ್ಚುವ ಭಯವಿದ್ದರೆ ಬಟ್ಟೆಪಟ್ಟಿಯಿಂದ ಬಾಯಿ ಕಟ್ಟಬಹುದು, ಆದರೆ ಹತ್ತಿ ಇಳಿಯುವಷ್ಟು ಹೊತ್ತು ಮಾತ್ರ. ನಾಯಿ ಬಾಯಿ ತೆರೆದು ಏದುತ್ತಲೇ ಮೈ ತಂಪು ಮಾಡಿಕೊಳ್ಳುತ್ತದೆ.

ಹತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚು ನೀರು ಬೇಕು. ಮೂರು ದಿನಕ್ಕೆಂದು ಎರಡು ಲೀಟರ್ ಹೊತ್ತುಕೊಳ್ಳಿ. ನೆರೆನೀರು ಕುಡಿಸಬೇಡಿ, ಅದರಲ್ಲಿ ಇಲಿಜ್ವರದ ರೋಗಾಣು ಇರಬಹುದು, ಅದು ಮನುಷ್ಯರಿಗೂ ತಗಲುತ್ತದೆ. ನಾಯಿಗೆ ಅದರ ಲಸಿಕೆ ಮೊದಲ ಸಲ ವಾರಗಳ ಅಂತರದಲ್ಲಿ ಎರಡು ಬಾರಿ ಆಗಬೇಕು, ಹಾಗಾಗಿ ಮಳೆಗಾಲಕ್ಕೆ ಮೊದಲೇ ಹಾಕಿಸಿ.

ಕಾಳಜಿ ಕೇಂದ್ರದಲ್ಲಿ ಒಳಗೆ ಬಿಡುವುದಿಲ್ಲ ಎನ್ನಬಹುದು. ಹೆಚ್ಚಿನವು ಶಾಲೆಗಳು, ಅಡುಗೆಯೂ ಅಲ್ಲೇ. ಮಕ್ಕಳಿರುವ ಕಡೆ ಆ ಆತಂಕ ತಪ್ಪೇನಲ್ಲ. ರೇಬೀಸ್ ಲಸಿಕೆಯ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತೋರಿಸಿ, ಅಡುಗೆ ಕೋಣೆಯಿಂದ ದೂರದ ಜಗಲಿ ಕೇಳಿ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ವೇಳೆ ಸಾಕುಪ್ರಾಣಿ ಬಿಟ್ಟು ಬರಲೊಪ್ಪದೆ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ ತೆರವು ಯೋಜನೆಗೆ ಪ್ರಾಣಿಗಳನ್ನೂ ಸೇರಿಸುವ ಕಾನೂನು ಬಂತು.

ಕರೆದೊಯ್ಯಲು ಸಾಧ್ಯವೇ ಇಲ್ಲದಿದ್ದರೆ ಕಟ್ಟು ಬಿಚ್ಚಿ, ಮಾಳಿಗೆಗೆ ದಾರಿ ತೆರೆದಿಡಿ, ಅಲ್ಲಿ ಅಗಲ ಬಾಯಿಯ ಎರಡು ಪಾತ್ರೆಗಳಲ್ಲಿ ನೀರು, ಒಣ ಆಹಾರ ಇಡಿ. ‘ಒಳಗೆ ನಾಯಿ ಇದೆ’ ಎಂದು ದಿನಾಂಕ ಹಾಕಿ, ನೀರು ಮುಟ್ಟದ ಎತ್ತರದಲ್ಲಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ದನಕರುಗಳಿಗೂ ಇದೇ ಮಾತು: ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ಹಾಕಬೇಡಿ, ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಯ ಫೋಟೊ ಮೊಬೈಲ್‌ನಲ್ಲಿರಲಿ. ಗಾಯವಾದರೆ ಪಶು ಆಂಬ್ಯುಲೆನ್ಸ್‌ನ ನಂಬರ್ 1962.